ಅಂತರಜಾಲದ ಅಂಗಡಿಯಲ್ಲಿ ಮಂಡ್ಯದ ಬೆಲ್ಲ

ಕೊಳ್ಳುವವರು ಸರಕನ್ನು ಮುಟ್ಟದೆ, ಮೂಸದೆ, ಒಂದು ಚೂರನ್ನು ಬಾಯಿಗೆ ಹಾಕಿ ನೋಡದೆ ಮುಂಗಡವಾಗಿ ಹಣ ಕೊಡುವ ಪದ್ಧತಿಯನ್ನು ಅಂತರಜಾಲದ ವ್ಯಾಪಾರವು ದಿನನಿತ್ಯದ ಸಂಗತಿಯನ್ನಾಗಿ ಮಾಡಿದೆ. ಮೊದಮೊದಲು ಪುಸ್ತಕ, ಮೊಬೈಲು, ಬಟ್ಟೆಬರೆಗಳಿಗಷ್ಟೇ ಸೀಮಿತವಾಗಿದ್ದ ಈ ಪದ್ಧತಿ ಈಗ ಅಕ್ಕಿ, ಬೆಲ್ಲ, ಗಾಣದ ಎಣ್ಣೆ, ರಾಗಿಹಿಟ್ಟುಗಳವರೆಗೂ ಬಂದು ಮುಟ್ಟಿರುವುದರಿಂದ, ಸಂತೆಯಲ್ಲಿ ಕಣ್ಣು, ಮೂಗು ಮತ್ತು ನಾಲಿಗೆ ಮಾಡುತ್ತಿದ್ದ ಪರೀಕ್ಷೆಯನ್ನು ಈ ಹೊಸ ಅಂಗಡಿಯಲ್ಲಿ ಯಾವುದು ಮಾಡುತ್ತದೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಆ ಕೆಲಸವನ್ನು ಒಂದು ಪಾಲು ಮಾರುವವರ ಮಾತೂ, ಇನ್ನೊಂದು ಪಾಲು ಮೊದಲೇ ಕೊಂಡು ಬಳಸಿದವರ ಮಾತೂ ಮಾಡುತ್ತಿವೆ. ಮಾತೇ ರುಚಿಯ ಜಾಗದಲ್ಲಿ ನಿಂತಾಗ ಆ ಮಾತಿಗೆ ಯಾರು ಹೊಣೆ, ಅದನ್ನು ಸುಳ್ಳೆಂದು ಹೇಳುವ ಅವಕಾಶ ಯಾರಿಗಿದೆ ಎಂಬುದನ್ನು ಮಂಡ್ಯ, ಮದ್ದೂರು ಮತ್ತು ಮಳವಳ್ಳಿ ಸೀಮೆಯ ಉದಾಹರಣೆಗಳ ಮೂಲಕ ಪರಿಶೀಲಿಸುವುದು ಈ ಭಾಷಣದ ಉದ್ದೇಶ.

ಅಂತರಜಾಲದ ವ್ಯಾಪಾರಿಗಳು ಮೂರು ಅಂಗಗಳನ್ನು ಒಟ್ಟಿಗೆ ಹೆಣೆಯುತ್ತಾರೆ. ಮೊದಲನೆಯದು ಉದ್ಯಮದವರು ಕಂಟೆಂಟ್ ಎಂದು ಕರೆಯುವ ವಿಷಯ, ಎಂದರೆ ಸರಕಿನ ಬಗ್ಗೆ ಬರೆದ ಲೇಖನ, ತೆಗೆದ ವಿಡಿಯೊ, ಅಡುಗೆಯ ವಿಧಾನ, ಬೆಳೆದವರ ಪರಿಚಯ ಮೊದಲಾದವು. ಎರಡನೆಯದು ಬಳಗ, ಎಂದರೆ ಕೊಂಡವರು, ಕೊಳ್ಳಲಿರುವವರು ಮತ್ತು ಬೆಳೆದವರು ತಮ್ಮತಮ್ಮಲ್ಲಿ ಮಾತನಾಡಿಕೊಳ್ಳುವ ಗುಂಪು; ಅದು ಸರಕಿನ ಕೆಳಗೆ ಬರೆಯುವ ವಿಮರ್ಶೆಯ ರೂಪದಲ್ಲಿರಬಹುದು, ವಾಟ್ಸಾಪ್ ಗುಂಪಿನ ರೂಪದಲ್ಲಿರಬಹುದು, ಹೊಲಕ್ಕೆ ಕೂಡಿ ಹೋಗುವ ಭೇಟಿಯ ರೂಪದಲ್ಲಿಯೂ ಇರಬಹುದು. ಮೂರನೆಯದು ವ್ಯಾಪಾರ, ಎಂದರೆ ಬೆಲೆ, ಪಾವತಿ, ಸಾಗಣೆ ಮತ್ತು ಒಗ್ಗದ ಸರಕನ್ನು ಹಿಂತಿರುಗಿಸುವ ವ್ಯವಸ್ಥೆ. ಇವು ಬೇರೆಬೇರೆಯಾಗಿದ್ದಾಗ ವಿಷಯವು ಪತ್ರಿಕೆಯಾಗುತ್ತದೆ, ಬಳಗವು ಸಂಘವಾಗುತ್ತದೆ, ವ್ಯಾಪಾರವು ಮಂಡಿಯಾಗುತ್ತದೆ; ಮೂರೂ ಒಂದೇ ಕಡೆ ಸೇರಿದಾಗ ಹುಟ್ಟುವ ಬಲವೂ ಅಪಾಯವೂ ಬೇರೆಯದೇ ಬಗೆಯವು.

ಈ ಹೆಣಿಗೆಗೆ ಅಂತರಜಾಲಕ್ಕಿಂತ ಹಳೆಯ ಇತಿಹಾಸವಿದೆ. ಅಮೆರಿಕದಲ್ಲಿ ನೇಗಿಲು ಮಾರುತ್ತಿದ್ದ ಡೀರ್ ಕಂಪನಿ 1895ರಲ್ಲಿಯೇ ರೈತರಿಗಾಗಿ ‘ದ ಫರೋ’ ಎಂಬ ಪತ್ರಿಕೆಯನ್ನು ಹೊರಡಿಸಿತು. ಫ್ರಾನ್ಸಿನಲ್ಲಿ ಟೈರು ಮಾರುತ್ತಿದ್ದ ಮಿಷೆಲಿನ್ ಕಂಪನಿ 1900ರಲ್ಲಿ ಪ್ರವಾಸಿಗರಿಗೆ ಕೈಪಿಡಿ ಪ್ರಕಟಿಸಿ, ಜನ ಹೆಚ್ಚು ದೂರ ಪ್ರಯಾಣ ಮಾಡಿದರೆ ಟೈರು ಹೆಚ್ಚು ಸವೆಯುತ್ತದೆ ಎಂಬ ಲೆಕ್ಕವನ್ನು ಹಾಕಿತು. 1995ರಲ್ಲಿ ಪುಸ್ತಕ ಮಾರಾಟ ಆರಂಭಿಸಿದ ಅಮೆಜಾನ್, ಓದುಗರು ತಮ್ಮ ಅಭಿಪ್ರಾಯವನ್ನು ತಾವೇ ಬರೆಯಲು ಅವಕಾಶ ಕೊಟ್ಟಿದ್ದಲ್ಲದೆ, ಪುಸ್ತಕ ಚೆನ್ನಾಗಿಲ್ಲ ಎಂಬ ಮಾತನ್ನೂ ತನ್ನದೇ ಅಂಗಡಿಯಲ್ಲಿ ಉಳಿಸಿಕೊಂಡಿತು. 1997ರಲ್ಲಿ ಜಾನ್ ಹೇಗಲ್ ಮತ್ತು ಆರ್ಥರ್ ಆರ್ಮ್‌ಸ್ಟ್ರಾಂಗ್ ಬರೆದ ‘ನೆಟ್ ಗೇನ್’ ಎಂಬ ಗ್ರಂಥವು, ಜಾಲದಲ್ಲಿ ಕೂಡುವ ಬಳಗಗಳೇ ಮುಂದಿನ ವ್ಯಾಪಾರದ ನೆಲೆಯಾಗಲಿವೆ ಎಂಬ ವಾದವನ್ನು ಮಂಡಿಸಿತು.

ಭಾರತದ ಬಾನುಲಿಗೂ ಕನ್ನಡದ ಕೃಷಿ ಪತ್ರಿಕೋದ್ಯಮಕ್ಕೂ ಇದರಲ್ಲಿ ತಮ್ಮದೇ ಆದ ಪಾಲಿದೆ. 1956ರಲ್ಲಿ ಯುನೆಸ್ಕೊ ನೆರವಿನಿಂದ ಪುಣೆಯ ಸುತ್ತಿನ ಹಳ್ಳಿಗಳಲ್ಲಿ ನಡೆದ ಪ್ರಯೋಗದಲ್ಲಿ ರೈತರು ಒಟ್ಟಿಗೆ ಕುಳಿತು ಬಾನುಲಿ ಕಾರ್ಯಕ್ರಮ ಕೇಳಿ, ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಕಳುಹಿಸುತ್ತಿದ್ದರು. ಅಲ್ಲಿ ವಿಷಯವೂ ಇತ್ತು, ಬಳಗವೂ ಇತ್ತು, ಆದರೆ ಮಾರಾಟ ಇರಲಿಲ್ಲ. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯು ಕೃಷಿಕರ ಕೈಗೇ ಲೇಖನಿ ಕೊಡುವ ನಿಲುವನ್ನು ತಳೆದು, ಬೆಳೆದವರ ಅನುಭವವನ್ನು ಬೆಳೆದವರ ಬರವಣಿಗೆಯಲ್ಲಿಯೇ ಅಚ್ಚು ಮಾಡಿತು. ಕೇಳಿದವರು ಮರುಪ್ರಶ್ನೆ ಹಾಕಬಹುದು, ಬೆಳೆದವರು ತಾವೇ ಬರೆಯಬಹುದು ಎಂಬ ಈ ಎರಡು ರೂಢಿಗಳು ಅಂತರಜಾಲದ ಅಂಗಡಿಯನ್ನು ಅಳೆಯಲು ಒಳ್ಳೆಯ ಮಾನದಂಡಗಳಾಗಿವೆ.

ಮಂಡ್ಯ ಸೀಮೆಯಲ್ಲಿ ಇಂತಹ ಪ್ರಯೋಗಕ್ಕೆ ಹೇತುವಾದ ಸ್ಥಿತಿಯನ್ನು ಮೊದಲು ಗಮನಿಸಬೇಕು. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯ ಮೂಲಕ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಾರ್ಖಾನೆ ಆರಂಭವಾದ ಮೇಲೆ ಈ ಸೀಮೆ ಕಬ್ಬಿನ ನಾಡಾಯಿತು; 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೂ ಆಯಿತು. ಆದರೆ ಕಬ್ಬು ಕಾರ್ಖಾನೆಯ ಗೇಟು ದಾಟಿದ ಮೇಲೆ ಸಕ್ಕರೆಯಾಗಿ, ಯಾರ ಹೊಲದ್ದೆಂಬ ಗುರುತನ್ನೇ ಕಳೆದುಕೊಳ್ಳುತ್ತದೆ. ಮದ್ದೂರಿನ ಎಳನೀರಿನ ಕಥೆಯೂ ಇಂಥದೇ. ಅಲ್ಲಿನ ಕೃಷಿ ಉತ್ಪನ್ನ ಮಾರುಕಟ್ಟೆಯಿಂದ ಎಳನೀರು ಲಾರಿಗಟ್ಟಲೆ ತುಂಬಿಕೊಂಡು ಮುಂಬಯಿ, ದೆಹಲಿಗಳವರೆಗೆ ಹೋಗುತ್ತದಾದರೂ, ಅಲ್ಲಿ ಅದನ್ನು ಕುಡಿಯುವವರಿಗೆ ಮದ್ದೂರು ಎಂಬ ಊರಿನ ಹೆಸರೂ ತಿಳಿದಿರಬೇಕಾಗಿಲ್ಲ, ಬೆಳೆದವರಿಗೆ ತಮ್ಮ ಕಾಯಿ ಯಾವ ಬೀದಿಯಲ್ಲಿ ಎಷ್ಟಕ್ಕೆ ಮಾರಾಟವಾಯಿತೆಂಬುದೂ ತಿಳಿಯುವುದಿಲ್ಲ. ವ್ಯಾಪಾರ ಜೋರಾಗಿಯೇ ನಡೆಯುತ್ತದೆ. ಮಾತು ಮಾತ್ರ ತೂಕದ ಕಟ್ಟೆಯ ಬಳಿ ನಿಂತುಬಿಡುತ್ತದೆ. ಸಕ್ಕರೆಯ ಬೆಲೆ ಕುಸಿದು, ಕಾರ್ಖಾನೆಗಳಿಂದ ಬರಬೇಕಾದ ಬಾಕಿ ನಿಂತುಹೋಗಿ, 2015ರಲ್ಲಿ ಈ ಜಿಲ್ಲೆಯ ರೈತರ ಆತ್ಮಹತ್ಯೆಗಳು ಇಡೀ ರಾಜ್ಯದ ಗಮನ ಸೆಳೆದಾಗ, ಒಂದೇ ಬೆಳೆಯನ್ನೂ ಒಂದೇ ಕೊಳ್ಳುಗನನ್ನೂ ನಂಬಿದ ಬೇಸಾಯದ ದೌರ್ಬಲ್ಯ ಎಲ್ಲರಿಗೂ ಕಂಡಿತು.

ಈ ಹಿನ್ನೆಲೆಯಲ್ಲಿಯೇ ‘ಆರ್ಗ್ಯಾನಿಕ್ ಮಂಡ್ಯ’ ಎಂಬ ಪ್ರಯತ್ನವನ್ನು ನೋಡಬೇಕು. ಮಂಡ್ಯದವರೇ ಆಗಿ, ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಉದ್ಯಮದಲ್ಲಿದ್ದ ಮಧುಚಂದನ್ ಅವರು 2014ರಲ್ಲಿ ಊರಿಗೆ ಮರಳಿ, ಜಿಲ್ಲೆಯ ಹಳ್ಳಿಹಳ್ಳಿಗಳಲ್ಲಿ ಚದುರಿಹೋಗಿದ್ದ ಸುಮಾರು 240 ಮಂದಿ ಸಾವಯವ ಕೃಷಿಕರನ್ನು ಒಂದು ಸಹಕಾರ ಸಂಘದಡಿ ಸೇರಿಸಿದರು. ಸಾವಯವ ಎಂದರೆ ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳನ್ನು ಬಳಸದೆ ಬೆಳೆಯುವ ಕ್ರಮ. ಸಂಘದ ಸರಕನ್ನು ಮಾರಲು ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ ಮೊದಲು ಒಂದು ಅಂಗಡಿ ತೆರೆಯಿತು. ಜಾಲದ ಮಾರಾಟ ಅದರ ಬೆನ್ನಿಗೆ ಬಂದಿತು. ಈ ಕ್ರಮದಲ್ಲಿಯೇ ಒಂದು ಅರ್ಥವಿದೆ. ಎರಡು ಮಹಾನಗರಗಳ ನಡುವೆ ದಿನವೂ ಓಡಾಡುವ ಜನ ನಿಂತು, ಸರಕನ್ನು ಕಣ್ಣಾರೆ ನೋಡಿ, ಅಲ್ಲಿಯೇ ಊಟವನ್ನೂ ಮಾಡಿ ಹೋಗುವುದರಿಂದ ಹುಟ್ಟಿದ ನಂಬಿಕೆಯನ್ನು ಜಾಲದ ಅಂಗಡಿ ಮುಂದೆ ತನ್ನ ಬಂಡವಾಳವಾಗಿ ಬಳಸಿಕೊಂಡಿತು.

ಬಳಗ ಕಟ್ಟುವ ಕೆಲಸ ಅಂಗಡಿಯಾಚೆಗೂ ಸಾಗಿತು. ಕೂಲಿಗೆ ಹಣ ಹೊಂದಿಸಲಾಗದ ರೈತರ ಹೊಲಕ್ಕೆ ಬೆಂಗಳೂರಿನಿಂದ ವಾರಾಂತ್ಯದಲ್ಲಿ ಬಂದು ನಾಟಿ, ಕಳೆ ಮೊದಲಾದ ಕೆಲಸ ಮಾಡಿಕೊಡುವ ‘ಬೆವರು ದಾನ’ದಂತಹ ಕಾರ್ಯಕ್ರಮವೂ, ಪೇಟೆಯ ಕುಟುಂಬವೊಂದು ಅರ್ಧ ಎಕರೆಯಿಂದ ಎರಡು ಎಕರೆಯವರೆಗಿನ ಜಮೀನನ್ನು ಮೂರು ತಿಂಗಳ ಮಟ್ಟಿಗೆ ಗುತ್ತಿಗೆ ಹಿಡಿದು, ಬೇಸಾಯವನ್ನು ರೈತರಿಂದಲೇ ಕಲಿತು, ಫಸಲನ್ನು ತನ್ನದಾಗಿಸಿಕೊಳ್ಳುವ ‘ಫಾರ್ಮ್ ಶೇರ್’ ಎಂಬ ವ್ಯವಸ್ಥೆಯೂ ರೂಪುಗೊಂಡವು. ಜಪಾನಿನಲ್ಲಿ 1970ರ ದಶಕದಲ್ಲಿ ಬೆಳೆದ ‘ತೇಯ್‌ಕೆಯ್’ ಎಂಬ ಚಳವಳಿಯಲ್ಲಿ ಪಟ್ಟಣದ ಗೃಹಿಣಿಯರು ಬೆಳೆಗಾರರ ಜೊತೆ ನೇರ ಒಪ್ಪಂದ ಮಾಡಿಕೊಂಡು, ಹೊಲದ ಕೆಲಸಕ್ಕೂ ಕೈಜೋಡಿಸುತ್ತಿದ್ದುದನ್ನು ಇದು ನೆನಪಿಗೆ ತರುತ್ತದೆ. ಒಂದು ದಿನ ಕೆಸರುಗದ್ದೆಯಲ್ಲಿ ಬಗ್ಗಿ ನಾಟಿ ಹಾಕಿದವರಿಗೆ ಅಕ್ಕಿಯ ಬೆಲೆ ಏಕೆ ಹೆಚ್ಚೆಂದು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಗದ್ದೆಗೆ ಏನನ್ನು ಎರಚಿದ್ದಾರೆ, ಏನನ್ನು ಎರಚಿಲ್ಲ ಎಂಬುದಕ್ಕೆ ಅವರು ಸಾಕ್ಷಿಗಳೂ ಆಗುತ್ತಾರೆ.

ವಿಷಯ ಸಾಮಗ್ರಿಯ ನಿಜವಾದ ಕೆಲಸವೇನು ಎಂಬುದನ್ನು ಬೆಲ್ಲದ ಉದಾಹರಣೆಯಿಂದ ಹತ್ತಿರದಿಂದ ನೋಡಬಹುದು. ಆಲೆಮನೆಯಲ್ಲಿ ಕಬ್ಬನ್ನು ಗಾಣಕ್ಕೆ ಕೊಟ್ಟು ಹಿಂಡಿದ ಹಾಲನ್ನು ದೊಡ್ಡ ಕೊಪ್ಪರಿಗೆಗೆ ಸುರಿದು, ಒಣಗಿಸಿದ ಕಬ್ಬಿನ ಸಿಪ್ಪೆಯನ್ನೇ ಒಲೆಗೆ ಉರುವಲಾಗಿ ಹಾಕಿ ಕಾಯಿಸುತ್ತಾರೆ. ಹುಳಿಯನ್ನು ತಗ್ಗಿಸಲು ಸುಣ್ಣದ ತಿಳಿನೀರನ್ನೂ, ಕೊಳೆಯನ್ನು ಮೇಲೆತ್ತಲು ಬೆಂಡೆಗಿಡದ ಲೋಳೆಯನ್ನೂ ಬಳಸುವ ರೂಢಿ ಹಳೆಯದು. ಪಾಕವು ಸುಮಾರು 118 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಹೊತ್ತಿಗೆ ಗಟ್ಟಿಯಾಗುವ ಹದಕ್ಕೆ ಬರುತ್ತದೆ. ಅನುಭವಸ್ಥರು ಅದರ ಒಂದಿಷ್ಟನ್ನು ತಣ್ಣೀರಿಗೆ ಬಿಟ್ಟು, ಬೆರಳಿನಲ್ಲಿ ಉರುಟಿಯೇ ಹದ ಹೇಳುತ್ತಾರೆ. ಹೀಗೆ ತಯಾರಾದ ಬೆಲ್ಲದ ಬಣ್ಣ ಕಂದು, ಕೆಲವೊಮ್ಮೆ ಕಪ್ಪಿಗೆ ಹತ್ತಿರ. ಆದರೆ ಪೇಟೆಯ ಗಿರಾಕಿಗೆ ಹೊಂಬಣ್ಣದ ಬೆಲ್ಲವೇ ಶುದ್ಧವೆಂಬ ಕಲ್ಪನೆ ಬೇರೂರಿರುವುದರಿಂದ, ಬಣ್ಣ ತಿಳಿಯಾಗಲೆಂದು ಹೈಡ್ರೋಸ್ ಎಂಬ ಗಂಧಕಯುಕ್ತ ರಾಸಾಯನಿಕವನ್ನು ಬೆರೆಸುವ ಅಭ್ಯಾಸ ಬೆಳೆಯಿತು. ಮಂಡಿಯ ಹರಾಜಿನಲ್ಲಿ ಬಣ್ಣ ನೋಡಿಯೇ ಬೆಲೆ ಕೂಗುವಾಗ, ರಾಸಾಯನಿಕ ಹಾಕದ ರೈತರಿಗೆ ಅವರ ಪ್ರಾಮಾಣಿಕತೆಯೇ ನಷ್ಟವಾಗುತ್ತದೆ.

ಬೆಲ್ಲದ ಕಪ್ಪು ಬಣ್ಣಕ್ಕೆ ಕಾರಣ ಹೇಳುವ ಒಂದು ಪುಟದ ಬರಹಕ್ಕೆ, ಕೊಪ್ಪರಿಗೆಯ ಮುಂದೆ ನಿಂತು ತೆಗೆದ ಐದು ನಿಮಿಷದ ವಿಡಿಯೊಗೆ ಬೆಲೆ ಬರುವುದು ಇಲ್ಲಿಯೇ. ಅದು ಸರಕನ್ನು ಹೊಗಳುವುದರ ಬದಲು ಕೊಳ್ಳುವವರ ಕಣ್ಣನ್ನೇ ತಿದ್ದುತ್ತದೆ. ಹಿಂದೆ ದೋಷವೆಂದು ಕಂಡದ್ದು ಈಗ ಗುಣದ ಗುರುತಾಗಿ ಕಾಣುತ್ತದೆ. ಹರಾಜಿನ ಕೂಗಿನಲ್ಲಿ ಇಷ್ಟು ಮಾತಿಗೆ ಎಡೆಯಿಲ್ಲ. ಜಾಲದ ಅಂಗಡಿಯಲ್ಲಿ ಇದೆ. ಹಾಗೆಂದು ಕಪ್ಪು ಬಣ್ಣವೊಂದೇ ಸಾಕ್ಷಿಯೆಂದು ತಿಳಿಯುವುದೂ ತಪ್ಪಾಗುತ್ತದೆ, ಏಕೆಂದರೆ ಕೊಳೆ ತೆಗೆಯದೆ ಕಾಯಿಸಿದ ಬೆಲ್ಲವೂ, ತಳ ಹಿಡಿದ ಪಾಕದ ಬೆಲ್ಲವೂ ಕಪ್ಪಾಗಿಯೇ ಇರುತ್ತವೆ. ಗಿರಾಕಿಗೆ ಕಪ್ಪೇ ಬೇಕೆಂದು ತಿಳಿದ ದಿನ ಕಪ್ಪನ್ನೂ ಕೃತಕವಾಗಿ ತರಬಲ್ಲವರು ಹುಟ್ಟಿಕೊಳ್ಳುತ್ತಾರೆ. ಹಾಗಾಗಿ ವಿವರಣೆಯೊಂದು ಎಷ್ಟೇ ಚೆನ್ನಾಗಿದ್ದರೂ, ಅದರ ಹಿಂದೆ ಪರೀಕ್ಷೆಯೊಂದು ಇರಲೇಬೇಕು. ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ಸಂಶೋಧನಾ ಕೇಂದ್ರದ ಬೆಲ್ಲದ ಪಾರ್ಕ್‌ನಂತಹ ಸಂಸ್ಥೆಗಳು ಶುಚಿಯಾದ, ರಾಸಾಯನಿಕ ಬೆರೆಸದ ತಯಾರಿಯನ್ನು ರೈತರಿಗೆ ಕಲಿಸುತ್ತಿರುವುದು ಈ ದೃಷ್ಟಿಯಿಂದ ಮಹತ್ವದ್ದು. ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಮಂಡ್ಯಕ್ಕೆ ಬೆಲ್ಲವೇ ಆಯ್ಕೆಯಾಗಿರುವುದೂ ಈ ಕೆಲಸದ ತುರ್ತನ್ನು ಹೆಚ್ಚಿಸಿದೆ.

ಮಳವಳ್ಳಿ ತಾಲ್ಲೂಕಿನಲ್ಲಿ ಇದೇ ಹೆಣಿಗೆ ಬೇರೊಂದು ತುದಿಯಿಂದ ಆರಂಭವಾಗಿದೆ. ಕಿರುಗಾವಲು ಗ್ರಾಮದ ಕೃಷಿಕ ಸೈಯದ್ ಘನಿ ಖಾನ್ ಅವರು 800ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಸಂಗ್ರಹಿಸಿ, ಗದ್ದೆಯಲ್ಲಿ ಬೆಳೆದು ಉಳಿಸುತ್ತ, ತಮ್ಮ ಮನೆಯನ್ನೇ ಭತ್ತದ ಸಂಗ್ರಹಾಲಯವನ್ನಾಗಿ ಮಾಡಿದ್ದಾರೆ. ‘ಬಡಾ ಬಾಗ್’ ಎಂದು ಹೆಸರಾದ ಅವರ ಮನೆತನದ ಹಳೆಯ ತೋಟದಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವುಗಳಿವೆ. ಅಲ್ಲಿ ಮೊದಲು ಬಂದದ್ದು ಜ್ಞಾನ, ಅದರ ಹಿಂದೆ ಬಂದದ್ದು ಬೀಜ ಕೇಳಿಕೊಂಡು ಬಂದ ರೈತರು, ವಿದ್ಯಾರ್ಥಿಗಳು, ಸಂಶೋಧಕರ ಬಳಗ. ಮಾರಾಟವೆಂಬುದು ಕೊನೆಯ ಮಾತು. ರಾಜಮುಡಿಯಂತಹ ಅಕ್ಕಿಗೆ ಪೇಟೆಯಲ್ಲಿ ಈಗ ಬೇಡಿಕೆ ಬಂದಿದ್ದರೆ, ಅದರ ಹಿಂದೆ ಇಂತಹ ತಳಿ ಸಂರಕ್ಷಕರೂ, ಬೀಜ ಮೇಳಗಳನ್ನು ನಡೆಸಿಕೊಂಡು ಬಂದ ‘ಸಹಜ ಸಮೃದ್ಧ’ದಂತಹ ಸಂಸ್ಥೆಗಳೂ ಮಾಡಿದ ಕೆಲಸವಿದೆ. ಪಾಲಿಶ್ ಮಾಡಿದ ಬಿಳಿ ಅಕ್ಕಿಗೆ ಒಗ್ಗಿದ ಮನೆಯಲ್ಲಿ ತೌಡು ಉಳಿಸಿದ ಕೆಂಬಣ್ಣದ ಅಕ್ಕಿಯನ್ನು ಎಂದಿನ ಅಳತೆಯ ನೀರಿಟ್ಟು ಬೇಯಿಸಿದರೆ ಅನ್ನ ಗಟ್ಟಿಯಾಗಿ, ಒಂದೇ ಬಾರಿಗೆ ಆ ಚೀಲ ಮೂಲೆ ಸೇರುತ್ತದೆ. ಹೆಚ್ಚು ಹೊತ್ತು ನೆನೆಸಿ, ನೀರು ಹೆಚ್ಚಿಟ್ಟು ಬೇಯಿಸಬೇಕೆಂಬ ಎರಡು ಸಾಲಿನ ಸೂಚನೆ ಎರಡನೆಯ ಚೀಲದ ಮಾರಾಟವನ್ನು ನಿರ್ಧರಿಸುತ್ತದೆ. ಇಂತಹ ಸೂಚನೆಯನ್ನು ಮಾರುವವರಿಗಿಂತ, ಅಡುಗೆ ಕೆಟ್ಟು ಮತ್ತೆ ಸರಿಪಡಿಸಿಕೊಂಡ ಗೃಹಿಣಿಯೇ ಹೆಚ್ಚು ಖಚಿತವಾಗಿ ಕೊಡಬಲ್ಲಳು. ಜಾಲದ ಬಳಗವು ಉಪಯುಕ್ತವಾಗುವುದು ಹೀಗೆ.

ಮದ್ದೂರು ವಡೆಯ ಸಂಗತಿ ಇದಕ್ಕೆ ಇನ್ನೊಂದು ಮುಖ. 1917ರಲ್ಲಿ ಮದ್ದೂರು ರೈಲು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು ರೈಲಿನ ಹೊತ್ತಿಗೆ ಸರಿಯಾಗಿ ತಿಂಡಿ ಒದಗಿಸುವ ಆತುರದಲ್ಲಿ, ರವೆ, ಅಕ್ಕಿಹಿಟ್ಟು, ಮೈದಾ, ಈರುಳ್ಳಿಗಳನ್ನು ಕಲಸಿ, ತೆಳ್ಳಗೆ ತಟ್ಟಿ ಕರಿದದ್ದೇ ಈ ವಡೆಯ ಮೂಲವೆಂದು ಹೇಳಲಾಗುತ್ತದೆ. ಉದ್ದಿನ ವಡೆಯಂತೆ ಬೇಗ ಮೆತ್ತಗಾಗದ ಇದರ ಗುಣ ಪ್ರಯಾಣಕ್ಕೆ ಹೇಳಿ ಮಾಡಿಸಿದಂತಿತ್ತು. ಆ ಮಾರ್ಗದ ಪ್ರಯಾಣಿಕರೇ ಇದರ ಬಳಗವಾದರು, ಅವರು ಊರೂರಿಗೆ ಒಯ್ದ ಕಥೆಯೇ ಇದರ ಪ್ರಚಾರವಾಯಿತು. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಉದ್ಘಾಟನೆಯಾದ ದಶಪಥ ಹೆದ್ದಾರಿಯು ಮದ್ದೂರು, ಮಂಡ್ಯ ಪಟ್ಟಣಗಳನ್ನು ಹೊರಗೆ ಬಿಟ್ಟು ಸಾಗುವುದರಿಂದ, ದಾರಿಹೋಕರನ್ನೇ ನಂಬಿದ್ದ ಹಳೆಯ ರಸ್ತೆಯ ಅಂಗಡಿಗಳಿಗೆ ಗಿರಾಕಿ ತಾನಾಗಿ ಬಂದು ನಿಲ್ಲುವ ಕಾಲ ಮುಗಿಯುತ್ತ ಬಂದಿದೆ. ಜಾಲದ ಅಂಗಡಿ ಇಂತಹವರಿಗೆ ಆಸರೆಯಾಗಬಲ್ಲದು. ಆದರೆ ಅಲ್ಲಿ ಮದ್ದೂರಿನ ಹೆಸರು ಮತ್ತು ಕಥೆ ಯಾವುದೋ ಊರಿನಲ್ಲಿ ಕರಿದ ವಡೆಯ ಪೊಟ್ಟಣಕ್ಕೂ ಅಂಟಬಲ್ಲವು. ನಿಲ್ದಾಣದಲ್ಲಿ ಕೈಗೆ ಬಿಸಿಯಾಗಿ ಬಂದ ವಡೆಗೆ ಬೇಕಾಗಿಲ್ಲದಿದ್ದ ಪ್ರಮಾಣ ಈ ಪೊಟ್ಟಣಕ್ಕೆ ಬೇಕಾಗುತ್ತದೆ.

ಆ ಪ್ರಮಾಣವನ್ನು ಒದಗಿಸಲು ಕೆಲವು ಕಟ್ಟುಪಾಡುಗಳು ರೂಪುಗೊಂಡಿವೆ. ಸಾವಯವ ಸರಕಿನ ವಿಷಯದಲ್ಲಿ ಎರಡು ದಾರಿಗಳಿವೆ: ಒಂದು, ಹೊರಗಿನ ಸಂಸ್ಥೆಯೊಂದು ಬಂದು ತಪಾಸಣೆ ಮಾಡಿ ಪ್ರಮಾಣಪತ್ರ ಕೊಡುವ, 2001ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ, ಇನ್ನೊಂದು, ಒಂದು ಗುಂಪಿನ ರೈತರು ಒಬ್ಬರ ಹೊಲವನ್ನೊಬ್ಬರು ಪರಿಶೀಲಿಸಿ ಖಾತರಿ ಕೊಡುವ ಸಹಭಾಗಿತ್ವದ ಖಾತರಿ ಪದ್ಧತಿ. ಆಹಾರ ಸುರಕ್ಷತಾ ಪ್ರಾಧಿಕಾರದ 2017ರ ನಿಯಮಗಳು ಈ ಎರಡನ್ನೂ ಮಾನ್ಯ ಮಾಡಿವೆ. ಎರಡನೆಯ ದಾರಿಯಲ್ಲಿ ಬಳಗವೇ ಪ್ರಮಾಣವಾಗುವುದರಿಂದ, ಖರ್ಚು ಕಡಿಮೆಯಾಗಿ ಸಣ್ಣ ಹಿಡುವಳಿದಾರರಿಗೂ ಅದು ಕೈಗೆಟುಕುತ್ತದೆ. ಜಾಲದ ವಿಮರ್ಶೆಗಳ ವಿಷಯದಲ್ಲಿ 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳು, ಮಾರುವವರು ತಾವೇ ಗ್ರಾಹಕರ ವೇಷ ಹಾಕಿಕೊಂಡು ಹೊಗಳಿಕೆ ಬರೆಯುವುದನ್ನು ನಿಷೇಧಿಸಿವೆ. 2022ರಲ್ಲಿ ಭಾರತೀಯ ಮಾನಕ ಬ್ಯೂರೊ ಇಂತಹ ವಿಮರ್ಶೆಗಳನ್ನು ಸಂಗ್ರಹಿಸಿ ಪ್ರಕಟಿಸುವುದಕ್ಕೆ ಐಎಸ್ 19000 ಎಂಬ ಮಾನಕವನ್ನು ಹೊರತಂದಿದೆ. ಹಣ ಅಥವಾ ಉಡುಗೊರೆ ಪಡೆದು ಸರಕನ್ನು ಹೊಗಳುವವರು ಆ ಸಂಗತಿಯನ್ನು ತಿಳಿಸಲೇಬೇಕೆಂದು ಜಾಹೀರಾತು ಮಾನಕ ಮಂಡಳಿಯ 2021ರ ಮಾರ್ಗಸೂಚಿ ಹೇಳುತ್ತದೆ. ಇವೆಲ್ಲ ಅಗತ್ಯವಾದವೇ ಹೌದಾದರೂ, ಇವು ಸುಳ್ಳನ್ನು ತಡೆಯುವ ಬೇಲಿಗಳೇ ಹೊರತು ನಂಬಿಕೆಯನ್ನು ಹುಟ್ಟಿಸುವ ಸಾಧನಗಳಲ್ಲ.

ನಂಬಿಕೆಯ ಪ್ರಶ್ನೆಯಲ್ಲಿ ಕೊಳ್ಳುವವರ ಕಡೆಗೆ ಹೆಚ್ಚು ಗಮನ ಸಂದಿದ್ದು, ಬೆಳೆಯುವವರ ಕಡೆಗೆ ಕಡಿಮೆ ಸಂದಿದೆ. ಜಾಲದ ಅಂಗಡಿಗಳ ಬರಹ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಬೆಂಗಳೂರಿನಂತಹ ನಗರದ ಗಿರಾಕಿಯನ್ನು ಉದ್ದೇಶಿಸಿ ಬರೆದದ್ದು. ರೈತರೊಬ್ಬರ ಭಾವಚಿತ್ರ ಹಾಕಿ, ಅವರ ಹೊಲದ ಮಣ್ಣು, ಬಿತ್ತಿದ ಬೀಜ, ಸಿಕ್ಕ ಬೆಲೆಗಳ ಬಗ್ಗೆ ಹೇಳಿದ ಮಾತು ಅವರೇ ಓದಲಾಗದ ಭಾಷೆಯಲ್ಲಿದ್ದರೆ, ಅದರಲ್ಲಿ ತಪ್ಪಿದೆ ಎಂದು ಹೇಳುವ ಒಬ್ಬ ಮುಖ್ಯ ಸಾಕ್ಷಿ ಬಳಗದ ಹೊರಗೇ ಉಳಿದಂತಾಯಿತು. ಅದೇ ಬರಹವನ್ನು ಕನ್ನಡದಲ್ಲಿಯೂ ಪ್ರಕಟಿಸಿ, ಗಿರಾಕಿಗಳು ಕೊಟ್ಟ ದೂರು, ಮೆಚ್ಚುಗೆಗಳನ್ನು ಕನ್ನಡದಲ್ಲಿಯೇ ರೈತರಿಗೆ ತಲುಪಿಸಿದರೆ, ಈ ಬಾರಿ ಬೆಲ್ಲದಲ್ಲಿ ಉಪ್ಪಿನ ಅಂಶ ಹೆಚ್ಚಿತ್ತು, ಅಕ್ಕಿಯಲ್ಲಿ ನುಚ್ಚು ಬಂದಿತ್ತು ಎಂಬ ಮಾತು ಆಲೆಮನೆಗೂ ಗಿರಣಿಗೂ ಹೋಗಿ ಮುಟ್ಟುತ್ತದೆ. ಚೌಳು ನೆಲದ ಕಬ್ಬಿನಿಂದ ಬೆಲ್ಲ ಉಪ್ಪುಪ್ಪಾಗುವುದೆಂಬುದು ರೈತರಿಗೆ ಗೊತ್ತಿರುವ ಸಂಗತಿಯೇ. ಅದನ್ನು ಅವರು ಮರುಮಾತಾಗಿ ಹೇಳಿದಾಗ ಗಿರಾಕಿಯ ದೂರೂ ಜ್ಞಾನವಾಗಿ ಪರಿಣಮಿಸುತ್ತದೆ.

ಇದಕ್ಕೆ ಸೇರಿದ ಇನ್ನೊಂದು ಪ್ರಶ್ನೆ ಗಿರಾಕಿಗಳ ಪಟ್ಟಿಯದು. ಹಳೆಯ ಮಂಡಿಯಲ್ಲಿ ವರ್ತಕರ ಬಲ ಅವರ ಗೋದಾಮಿನಲ್ಲಿಯೂ ಅವರು ಕೊಡುತ್ತಿದ್ದ ಮುಂಗಡ ಸಾಲದಲ್ಲಿಯೂ ಇತ್ತು. ಹೊಸ ಅಂಗಡಿಯಲ್ಲಿ ಆ ಬಲ ಯಾರು ಏನನ್ನು, ಎಷ್ಟು ದಿನಕ್ಕೊಮ್ಮೆ ಕೊಳ್ಳುತ್ತಾರೆಂಬ ದಾಖಲೆಯಲ್ಲಿದೆ. ವರ್ಷಗಟ್ಟಲೆ ಸರಕು ಒದಗಿಸಿದ ರೈತರ ಗುಂಪಿಗೆ ಆ ದಾಖಲೆಯಲ್ಲಿ ಯಾವ ಹಕ್ಕೂ ಇಲ್ಲದಿದ್ದರೆ, ಅಂಗಡಿಯು ನಾಳೆ ಬೇರೆ ಜಿಲ್ಲೆಯಿಂದ ಅಗ್ಗದ ಬೆಲ್ಲ ತರಿಸಿ, ಅದೇ ಕಥೆಯನ್ನೂ ಅದೇ ಬಳಗವನ್ನೂ ಬಳಸಿ ಮಾರಬಲ್ಲದು. ಸಹಕಾರ ಸಂಘ ಅಥವಾ ರೈತ ಉತ್ಪಾದಕ ಕಂಪನಿ, ಎಂದರೆ ರೈತರೇ ಷೇರುದಾರರಾಗಿರುವ ಕಂಪನಿ, ಈ ಪಟ್ಟಿಯ ಒಡೆತನದಲ್ಲಿ ಪಾಲು ಪಡೆದಾಗ ಮಾತ್ರ ಮೂರು ಅಂಗಗಳ ಹೆಣಿಗೆ ಬೆಳೆದವರ ಪರವಾಗಿಯೂ ಬಿಗಿಯಾಗುತ್ತದೆ.

ವಿಷಯ, ಬಳಗ, ವ್ಯಾಪಾರಗಳ ಸಮ್ಮಿಲನವನ್ನು ಹೊಸ ಯುಗದ ಪವಾಡವೆಂದು ಕೊಂಡಾಡುವ ಅಥವಾ ಜಾಹೀರಾತಿನ ಹೊಸ ವೇಷವೆಂದು ತಳ್ಳಿಹಾಕುವ ಅವಶ್ಯಕತೆಯಿಲ್ಲ. ಅಂಗಡಿಯ ಬಗ್ಗೆ ಕೇಳಬೇಕಾದ ಪ್ರಶ್ನೆಗಳು ಸರಳವಾಗಿವೆ: ಕೊಂಡವರು ಬರೆದ ಕಹಿಮಾತು ಅಲ್ಲಿ ಉಳಿಯುತ್ತದೆಯೇ, ಬೆಳೆದವರು ತಮ್ಮ ಬಗ್ಗೆ ಬರೆದದ್ದನ್ನು ಓದಿ ತಿದ್ದಬಲ್ಲರೇ, ಗಿರಾಕಿ ಕೊಟ್ಟ ನೂರು ರೂಪಾಯಿಯಲ್ಲಿ ಹೊಲಕ್ಕೆ ಎಷ್ಟು, ಸಾಗಣೆಗೆ ಎಷ್ಟು, ಅಂಗಡಿಗೆ ಎಷ್ಟು ಎಂಬ ಲೆಕ್ಕ ಬಹಿರಂಗವಾಗಿದೆಯೇ. ಈ ಮೂರಕ್ಕೂ ಹೌದೆಂಬ ಉತ್ತರ ದೊರೆಯುವ ಅಂಗಡಿ ದೊಡ್ಡದಿರಲಿ, ಸಣ್ಣದಿರಲಿ, ಅದರ ಮಾತಿಗೆ ತೂಕವಿರುತ್ತದೆ. ಮೂರನೆಯ ಪ್ರಶ್ನೆಗೆ ಮಾತ್ರ ಮೌನವಾಗಿರುವ ಅಂಗಡಿಯು ಉಳಿದೆರಡರಲ್ಲಿ ಎಷ್ಟೇ ಚೆನ್ನಾಗಿ ಮಾತನಾಡಿದರೂ, ರೈತರ ಹೆಸರನ್ನು ಮಾರಿ ಸರಕನ್ನು ಎಂದಿನ ಮಂಡಿಯ ದರಕ್ಕೇ ಕೊಳ್ಳುತ್ತಿರಬಹುದು. ಆ ಲೆಕ್ಕವನ್ನು ಕೇಳುವ ಹಕ್ಕು ಗಿರಾಕಿಗೆ ಇದೆ, ಮತ್ತು ಅದನ್ನು ಮೊದಲು ಕೇಳಬೇಕಾದವರೂ ಅವರೇ, ಏಕೆಂದರೆ ಅಂಗಡಿ ಬೇಗ ಕಿವಿಗೊಡುವುದು ಹಣದ ಮಾತಿಗೆ, ಆ ಹಣ ಅವರ ಕೈಯಲ್ಲಿದೆ.